ಹಳೇಬೀಡಿನ ಪುಕ್ಕಲು ಉಪದೇಶಿ

ಉಪದೇಶಿ ಯಾಕೋಬಪ್ಪನವರು ನಾಯಿಗೆ ಹೆದರುತ್ತಿದ್ದರು. ಗುಡುಗಿಗೆ, ಬಾವಿಗೆ, ಹಲ್ಲಿಗೆ, ಪೊಲೀಸಿನವನ ಪೇಟಕ್ಕೆ, ಬೇಲೂರಿನ ಕಡೆಯಿಂದ ಬರುವ ಮೋಟಾರು ಬಸ್ಸಿನ ಹಾರನ್ನಿಗೆ, ಉದ್ದ ಕೋಡಿನ ಯಾವ ದನಕ್ಕಾದರೂ ಸರಿ, ಹೆದರುತ್ತಿದ್ದರು. ಆರಡಿ ಎತ್ತರದ ಆಳು. ಮೂಟೆ ಹೊತ್ತು ಹೊತ್ತು ಅಗಲವಾದ ಭುಜ. ಅಂಥವರು ಎದುರಿಗೆ ಒಂದು ಹೋತ ಬಂದರೆ ಬೇಲಿ ದಾಟಿ ಆಚೆ ನಿಂತು, ಅದು ಕಣ್ಮರೆಯಾಗುವ ತನಕ ಕಾಯುತ್ತಿದ್ದರು. ಪ್ರಾರ್ಥನೆ ಮಾಡುವಾಗಲೂ ಕಣ್ಣು ಮುಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಮುಚ್ಚಿದ್ರೆ ದಿಗಿಲಾಯ್ತದೆ ಕಣ್ ಟೀಚರಮ್ಮ, ಎದುರಿಗೆ ಏನ್ ಬಂತೋ ಏನ್ ಹೋಯ್ತೋ" ಎನ್ನುತ್ತಿದ್ದರು. ಊರಿನವರು ಅವರಿಗೆ 'ಪುಕ್ಲು ಪಾದ್ರಿ' ಎಂದು ಹೆಸರಿಟ್ಟಿದ್ದರು. ನಿಜಕ್ಕೂ ಅವರು ಪಾದ್ರಿಯಲ್ಲ. ಪಾದ್ರಿಗಳು ಅಪರೂಪಕ್ಕೆ ಬರುವ ಸಣ್ಣ ಊರುಗಳಲ್ಲಿ ಭಾನುವಾರದ ಆರಾಧನೆ ನಡೆಸಿ, ಮಿಕ್ಕ ದಿನ ಮನೆಮನೆ ತಿರುಗಿ ದೇವರ ವಿಷಯ ನಾಲ್ಕು ಮಾತು ಹೇಳುವುದು ಉಪದೇಶಿಯ ಕೆಲಸ. ಆ ನಾಲ್ಕು ಮಾತೂ ಅವರ ಬಾಯಲ್ಲಿ ಸರಿಯಾಗಿ ಬರುತ್ತಿರಲಿಲ್ಲ.

ನಾನು ಮಿಷನ್ ಶಾಲೆಯ ಟೀಚರಾಗಿ ಹಳೇಬೀಡಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಗ್ನಲ್ ದೀಪ ಹಚ್ಚುವವರ ಮಗಳು. ಬೋರ್ಡಿಂಗ್ ಸ್ಕೂಲಿನಲ್ಲಿ ಓದಿ, ಪ್ರಶ್ನೆ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿ, ದೇವರ ಬಗ್ಗೆ ಏನು ಕೇಳಿದರೂ ತಟ್ಟನೆ ಹೇಳಬಲ್ಲೆ ಎಂಬ ಜಂಬ ತಲೆಗೇರಿತ್ತು. ಮೂಗಿನ ತುದಿಯಲ್ಲೇ ಕೋಪ ಬೇರೆ. ಊರಿನಲ್ಲಿದ್ದದ್ದು ನಮ್ಮ ಕ್ರೈಸ್ತರ ಐದೇ ಮನೆ, ಒಂದು ಹಂಚಿನ ಪ್ರಾರ್ಥನಾ ಮಂದಿರ, ಅದರ ಜಗಲಿಯಲ್ಲೇ ಶಾಲೆ. ನಾನು ಬಂದ ಮೊದಲ ಭಾನುವಾರ ಯಾಕೋಬಪ್ಪನವರ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಕೇಳಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಪ್ಪು ರಟ್ಟಿನ ಪುಸ್ತಕ ತೆರೆದರು, ನಾಲ್ಕು ಸಾಲು ಓದಿದರು, ಬೆವರು ಒರೆಸಿಕೊಂಡರು. "ಇದು ನಂಗೆ ಪೂರ್ತಿ ತಿಳೀಲಿಲ್ಲ. ನಿಮ್ಗೂ ತಿಳೀದಿದ್ರೆ ಮನೇಲಿ ಯೋಚ್ನೆ ಮಾಡಿ" ಎಂದು ಕೂತುಬಿಟ್ಟರು. ಅಷ್ಟೇ ಪ್ರಸಂಗ!

ಅವರಿಗೆ ಸರಿಯಾಗಿ ಬರುತ್ತಿದ್ದ ಕೆಲಸವೆಂದರೆ ಹೊಗೆ ನೋಡುವುದು. ಬೆಳಿಗ್ಗೆ ಎದ್ದವರೇ ಕೆರೆ ಏರಿ ಹತ್ತಿ, ಅಲ್ಲಿಂದ ಊರಿನ ಮಾಡುಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದರು. ಯಾವ ಮನೆಯ ಮಾಡಿನಿಂದ ಒಲೆಯ ಹೊಗೆ ಏಳಲಿಲ್ಲವೋ ಆ ಮನೆಯನ್ನು ಗುರುತಿಟ್ಟುಕೊಂಡು ಇಳಿಯುತ್ತಿದ್ದರು. ನಮ್ಮ ಐದು ಮನೆಗಳಲ್ಲೂ ಬೀಸಿದಾಗಲೆಲ್ಲ ಒಂದು ಹಿಡಿ ರಾಗಿಹಿಟ್ಟನ್ನು ಬೇರೆ ಮಡಕೆಗೆ ಹಾಕುವ ವಾಡಿಕೆಯಿತ್ತು, ಅದು ದೇವರ ಪಾಲು. ಆ ಹಿಟ್ಟನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೊಗೆಯಿಲ್ಲದ ಮನೆಗೆ ಹೋಗುತ್ತಿದ್ದರು. ಅದು ನಮ್ಮವರ ಮನೆಯೇ ಆಗಬೇಕೆಂದಿರಲಿಲ್ಲ. ಹೋಗುವ ದಾರಿಯಲ್ಲಿ ನಾಯಿಗಳಿರುತ್ತಿದ್ದವು. ಅದಕ್ಕೆ ಅವರು ನಡೆಯುತ್ತಾ, "ಭಯ ಆಯ್ತದೆ ಕಣಪ್ಪ, ಭಯ ಆಯ್ತದೆ ಕಣಪ್ಪ" ಎಂದು ಗೊಣಗಿಕೊಂಡೇ ಹೋಗುತ್ತಿದ್ದರು. ಜಗಲಿಯಲ್ಲಿದ್ದ ನನ್ನ ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದರು. ನಾನೂ ಬೈದಂತೆ ಮಾಡಿ ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಸಂತೆಯ ದಿನ ನಡೆದದ್ದು ಇದು. ಉಪದೇಶಿಗಳು ಸಂತೆಯಲ್ಲಿ ನಿಂತು ನಾಲ್ಕು ಮಾತು ಹೇಳಬೇಕೆಂಬುದು ಮಿಷನ್ನಿನ ಕಟ್ಟಳೆ. ಹಾಡಲು ನಾನೂ ಹೋಗಿದ್ದೆ. ಹಾಡು ಮುಗಿದು ಯಾಕೋಬಪ್ಪನವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅರಸೀಕೆರೆಯಿಂದ ಕೊಬ್ಬರಿ ಕೊಳ್ಳಲು ಬಂದಿದ್ದ ಒಬ್ಬ ಯಜಮಾನರು, ವಿಭೂತಿ ಧರಿಸಿದ್ದ ಗಂಭೀರ ಮನುಷ್ಯ, ಕುಚೋದ್ಯವಿಲ್ಲದೆ ಕೇಳಿದರು.

"ಏನ್ರೀ ಉಪದೇಶಿಗಳೇ, ಊರೂರು ತಿರುಗಿ ದೇವರು ದೇವರು ಅಂತೀರಲ್ಲ, ನಿಮಗೆ ಅವನು ಗೊತ್ತೇನ್ರೀ?"

ಯಾಕೋಬಪ್ಪನವರು ಆ ಕಡೆ ಈ ಕಡೆ ನೋಡಿದರು. ನನ್ನ ಕಡೆಯೂ ನೋಡಿದರು. ಹೇಳಿ, ಹೌದು ಅನ್ನಿ ಎಂದು ನಾನು ಕಣ್ಣಲ್ಲೇ ತಿವಿದೆ.

"ಇಲ್ಲ ಸ್ವಾಮಿ," ಎಂದರು, "ನಂಗೆ ಗೊತ್ತಿಲ್ಲ."

ಸಂತೆಗೆ ಸಂತೆಯೇ ಗೊಳ್ಳೆಂದು ನಕ್ಕಿತು. ಆ ಯಜಮಾನರು ಮಾತ್ರ ನಗಲಿಲ್ಲ, ಒಂದು ಗಳಿಗೆ ಇವರ ಮುಖವನ್ನೇ ನೋಡಿ ಹೊರಟುಹೋದರು. ನನಗೋ, ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮನೆಗೆ ಬಂದವಳೇ ಅದೇ ಕೋಪದಲ್ಲಿ ನೀಲಿ ಕಾಗದ ತೆಗೆದು ನಮ್ಮ ಸೀಮೆಯ ಮೇಲ್ವಿಚಾರಣೆಯ ಅಯ್ಯನವರಿಗೆ ಬರೆದೆ. ಇಲ್ಲಿಯ ಉಪದೇಶಿಗೆ ದೇವರ ಅರಿವಿಲ್ಲ, ಸಾವಿರ ಜನರ ಎದುರಿಗೆ ಅವರೇ ಹಾಗೆಂದು ಒಪ್ಪಿಕೊಂಡರು, ಸಭೆಯ ಮರ್ಯಾದೆ ಹೋಯಿತು, ತಾವು ಬಂದು ವಿಚಾರಿಸಬೇಕು. ಕೆಳಗೆ ಹೆಸರು ಹಾಕಲು ಧೈರ್ಯ ಬರಲಿಲ್ಲ. 'ಸಭೆಯ ಒಬ್ಬ ಹಿತಚಿಂತಕಿ' ಎಂದು ಬರೆದು ಟಪಾಲಿಗೆ ಹಾಕಿದೆ.

ಎರಡು ದಿನ ಬಿಟ್ಟು, ಕೋಪ ಇನ್ನೂ ಆರದೆ, ಅವರನ್ನೇ ನೇರವಾಗಿ ಕೇಳಿದೆ. "ಅಲ್ಲ, ಇಷ್ಟು ವರ್ಷ ಉಪದೇಶಿ ಕೆಲಸ ಮಾಡಿ, ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಗಲಿಲ್ವೇ ನಿಮಗೆ?"

ಅವರು ಹಿಟ್ಟಿನ ಮಡಕೆಗಳನ್ನು ಒರೆಸುತ್ತಿದ್ದರು. ಕೈ ನಿಲ್ಲಿಸಿ ಹೇಳಿದರು.

"ದೊಡ್ ಜ್ವರದ ವರ್ಸ ನಾನು ಅರಸೀಕೆರೆ ಸ್ಟೇಷನ್ನಾಗೆ ಮೂಟೆ ಹೊರ್ತಿದ್ದೆ ಕಣ್ ಟೀಚರಮ್ಮ. ರೈಲಿಂದ ಒಬ್ಬನ್ನ ಇಳಿಸಿ ಪ್ಲಾಟ್‌ಫಾರಂ ಮ್ಯಾಲೆ ಮಲಗಿಸಿ ಹೋಗ್ಬಿಟ್ರು. ಯಾರೂ ಹತ್ರ ಹೋಗ್ತಿರ್ನಿಲ್ಲ. ನಾನು ಪಕ್ಕದಾಗೆ ಹಾಯ್ತಿದ್ದೆ. 'ಅಣ್ಣ, ನೀರು' ಅಂದ. ಮೂರು ಸಲ ಅಂದ. ನಂಗೆ ದಿಗಿಲಾಗಿ ಓಡ್ಬಿಟ್ಟೆ. ಹಿಂದಕ್ಕೆ ತಿರುಗಿ ಅವನ ಮೊಕಾನೂ ನೋಡ್ಲಿಲ್ಲ. ಆಮ್ಯಾಗೆ ಓದು ಕಲಿತು ಈ ಪುಸ್ತಕ ನೋಡಿದ್ರೆ, ಹಂಗೆ ಬಿದ್ದು ನೀರು ಕೇಳೋನು ದೇವರೇ ಅಂತ ಬರೆದೈತೆ. ನನ್ ಜನ್ಮದಾಗೆ ಅವತ್ತೊಂದೇ ದಿನ ಕರೆದ, ನಾನು ಮೊಕಾನೇ ನೋಡ್ಲಿಲ್ಲ. ನೋಡದೋನ್ನ ಗೊತ್ತು ಅಂತ ಹೆಂಗೆ ಹೇಳ್ಲಿ? ಸುಳ್ಳಾಗಲ್ವಾ?"

ಅಂಚೆಗೆ ಹಾಕಿದ್ದ ಕಾಗದ ನೆನಪಾಯಿತು. ಹೇಗಾದರೂ ಹಿಂದಕ್ಕೆ ತರಿಸಿಕೊಳ್ಳಬಹುದೇ? ಇನ್ನೊಂದು ಕಾಗದ ಬರೆದು, ಮೊದಲಿನದು ತಪ್ಪಾಯಿತು ಎನ್ನಲೇ? ಹಾಗೆಂದರೆ ಹೆಸರು ಹೇಳಬೇಕು. ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ಮುಂದೂಡಿದೆ. ಅಷ್ಟರಲ್ಲಿ ಊರಿನಲ್ಲಿ ಇಲಿ ಬೀಳಲು ಶುರುವಾಯಿತು.

ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಎರಡೇ ದಿನದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡಿತು. ನಮ್ಮ ಶಾಲೆಯೂ ಒಂದು ಹುಣಸೆ ಮರದಡಿಗೆ ಬಂತು. ಊರ ಬಾಗಿಲಲ್ಲಿ ತಳವಾರ ಕೋಲು ಹಿಡಿದು ಕಾವಲು ಕೂತ. ಪ್ಲೇಗು ಇನ್‌ಸ್ಪೆಕ್ಟರು ಗುಡಿಸಲು ಗುಡಿಸಲಿಗೆ ಬಂದು ಜ್ವರ ಬಂದವರಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಜನ ಹೇಳುತ್ತಿರಲಿಲ್ಲ. ಹೇಳಿದರೆ ರೋಗಿಯನ್ನು ದೂರದ ಕ್ಯಾಂಪಿಗೆ ಒಯ್ಯುತ್ತಾರೆ, ಗುಡಿಸಲಿಗೆ ಬೆಂಕಿ ಇಡುತ್ತಾರೆ, ಕ್ಯಾಂಪಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಹೆದರಿಕೆ. ಯಾರಾದರೂ ಕಾಣದಿದ್ದರೆ, ನೆಂಟರ ಊರಿಗೆ ಹೋಗಿದ್ದಾನೆ ಎಂದುಬಿಡುತ್ತಿದ್ದರು. ಕುಂಬಾರರ ನಂಜಯ್ಯ ಕಾಣಲಿಲ್ಲ. ಗೆಂಡೆಹಳ್ಳಿಗೆ ಹೋಗವ್ನೆ ಎಂದರು ಅವನ ಅಣ್ಣಂದಿರು.

ಮಾರನೆಯ ದಿನ ನಡುಮಧ್ಯಾಹ್ನ ಅವನ ಹೆಂಡತಿ ಪುಟ್ಟಮ್ಮ ಎಳೆಗೂಸನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಹುಣಸೆ ಮರದ ಹತ್ತಿರ ಬಂದಳು. ಮಕ್ಕಳು ಊಟಕ್ಕೆ ಹೋಗಿದ್ದರು. ನಾನು, ಯಾಕೋಬಪ್ಪನವರು ಇಬ್ಬರೇ ಇದ್ದೆವು. ಸೆರಗಿನ ತುದಿಯಿಂದ ಒಂದು ಬೀಗದ ಕೈ ಬಿಚ್ಚಿ ಅವರ ಮುಂದಿಟ್ಟಳು.

"ಗೆಂಡೆಹಳ್ಳಿಗೆ ಹೋಗಿಲ್ಲ ಕಣಪ್ಪಾ. ಮನೇಲೇ ಅವ್ರೆ. ಕಂಕುಳಾಗೆ ಗೆಡ್ಡೆ ಎದ್ದೈತೆ. ಎತ್ಕೊಂಡ್ ಬಂದ್ರೆ ಎಲ್ರಿಗೂ ಗೊತ್ತಾಯ್ತದೆ ಅಂತ ಬಾವಂದ್ರು ಒಂದು ಗಡಿಗೆ ನೀರು ಮಡಗಿ ಬೀಗ ಹಾಕಿದ್ರು. ಆ ನೀರು ಇಷ್ಟೊತ್ಗೆ ಮುಗ್ದಿರ್ತದೆ. ನಾನ್ ಹೋದ್ರೆ ಈ ಕೂಸಿನ ಗತಿ? ಯಾರನ್ನ ಕೇಳಿದ್ರೂ ಕಿವಿ ಮುಚ್ಕೊತಾರೆ. ನೀವು ಹೊಗೆ ಇಲ್ದಿರೋ ಮನೆಗೆ ಹೋಯ್ತೀರಂತಲ್ಲ, ಶಿವ್ನೇ, ಇದೂ ಹೊಗೆ ಇಲ್ದಿರೋ ಮನೆ ಕಣಪ್ಪಾ."

ಯಾಕೋಬಪ್ಪನವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬೀಗದ ಕೈಯನ್ನು ಮುಟ್ಟಲಿಲ್ಲ. ಎದ್ದು ಮರದ ಸುತ್ತ ಒಂದು ಸಲ ಬಂದರು. ಕೂತರು. ಮತ್ತೆ ಎದ್ದರು.

"ನನ್ ಕೈ ನೀರು ಕುಡಿತಾನೇನವ್ವಾ ನಿನ್ ಗಂಡ?" ಎಂದರು. ನಮ್ಮ ಜನ ಮುಟ್ಟಿದ ನೀರನ್ನು ಊರಿನವರು ಕುಡಿಯುತ್ತಿರಲಿಲ್ಲ. ಆದರೆ ಅವರು ಕೇಳಿದ್ದು ಅದಕ್ಕಲ್ಲ. ಹೋಗದಿರಲು ಒಂದು ದಾರಿ ಸಿಗುತ್ತದೇನೋ ಎಂದು ಕೇಳಿದ್ದರು. ಅದು ನನಗೆ ತಿಳಿಯಿತು, ಏಕೆಂದರೆ ನಾನೂ ಅದನ್ನೇ ಹುಡುಕುತ್ತಿದ್ದೆ.

"ಕೊಡೋರೇ ಇಲ್ದಿರೋವಾಗ ಕೈ ಯಾವ್ದು ಅಂತ ನೋಡ್ತಾರಾ?" ಎಂದಳು ಪುಟ್ಟಮ್ಮ.

ಯಾಕೋಬಪ್ಪನವರು ನನ್ನ ಕಡೆ ನೋಡಿದರು. ಜೊತೆಗೆ ಬರುತ್ತೀರಾ ಎಂದು ಅವರು ಕೇಳಿಬಿಡುತ್ತಾರೆಂದು ಹೆದರಿದೆ. ನಾನು ತಟ್ಟನೆ ಎದ್ದು ಪುಟ್ಟಮ್ಮನ ಸೊಂಟದಿಂದ ಕೂಸನ್ನು ಎತ್ತಿಕೊಂಡೆ. ಪಾಪ, ಸುಸ್ತಾಗಿದ್ದೀಯ, ನಾನು ಹಿಡ್ಕೊತೀನಿ ಎಂದೆ. ಎಂಥ ಒಳ್ಳೆಯ ಕಾರಣ! ಕೂಸು ಹಿಡಿದವಳು ಪ್ಲೇಗಿನ ಮನೆಗೆ ಹೋಗುವಂತಿಲ್ಲವಲ್ಲ.

ಅವರು ಬೀಗದ ಕೈ ತೆಗೆದುಕೊಂಡು, ಒಂದು ಬಿಂದಿಗೆ ನೀರು ಹೆಗಲಿಗೇರಿಸಿ ಹೊರಟರು. ತಳವಾರ ಉಂಡು ತೂಕಡಿಸುತ್ತಿದ್ದ. ಅವನ ಹಿಂದಿನಿಂದ ನುಸುಳಿ ಆ ದೊಡ್ಡ ಆಳು ಖಾಲಿ ಬೀದಿಯಲ್ಲಿ ಒಬ್ಬರೇ ನಡೆದುಹೋಗುವುದು ನನಗೆ ಕಾಣುತ್ತಿತ್ತು. ಎರಡು ಸಲ ನಿಂತರು. ಒಂದು ಸಲ ಪೂರ್ತಿ ಹಿಂದಕ್ಕೆ ತಿರುಗಿ ನಾಲ್ಕು ಹೆಜ್ಜೆ ಬಂದರು. ನಿಜ ಹೇಳುತ್ತೇನೆ, ಬಂದುಬಿಡಲಿ ಎಂದು ನಾನು ಬೇಡಿಕೊಂಡೆ. ಅವರು ಬಂದುಬಿಟ್ಟರೆ ಆ ನಾಚಿಕೆಯನ್ನು ಇಬ್ಬರೂ ಹಂಚಿಕೊಳ್ಳಬಹುದಿತ್ತು. ಅವರು ಮತ್ತೆ ಆ ಕಡೆಗೇ ತಿರುಗಿದರು. ಗೊಣಗಾಟ ಗಾಳಿಯಲ್ಲಿ ಸಣ್ಣಗೆ ಕೇಳಿಸಿತು, "ಭಯ ಆಯ್ತದೆ ಕಣಪ್ಪ, ಭಯ ಆಯ್ತದೆ ಕಣಪ್ಪ." ಅವರು ಅದನ್ನು ಯಾರಿಗೆ ಹೇಳುತ್ತಿದ್ದರು? ಎಷ್ಟೋ ತಿಂಗಳು ಕೇಳಿ ನಕ್ಕಿದ್ದ ನನಗೆ ಆ ಪ್ರಶ್ನೆ ಹೊಳೆದದ್ದು ಅವತ್ತೇ.

ಸಂಜೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಕೆರೆಯ ಕಡೆಯ ಹಿತ್ತಿಲಿನಿಂದ ನೀರು ತಂದುಕೊಂಡು ಅಲ್ಲೇ ಉಳಿದಿದ್ದರು. ಆ ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು, ಗಂಜಿ ಕಾಯಿಸುತ್ತಿದ್ದಾರೆಂದು ತಿಳಿಯಿತು. ಪುಟ್ಟಮ್ಮ ಆ ಹೊಗೆಯನ್ನೇ ನೋಡುತ್ತಾ ಕೂತಿರುತ್ತಿದ್ದಳು. ನಾಲ್ಕನೆಯ ದಿನ ಹೊಗೆ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯಾಕೋಬಪ್ಪನವರು ಊರ ಬಾಗಿಲಿಗೆ ಬಂದು, ದೂರದಲ್ಲೇ ನಿಂತು, ನಂಜಯ್ಯ ಹೋದ ಎಂದು ತಳವಾರನಿಗೆ ಕೂಗಿ ಹೇಳಿದರು. ಅಣ್ಣಂದಿರ ಸುಳ್ಳು ಬಯಲಾಯಿತು. ಪಟೇಲರು ಅವರಿಗೆ ಛೀಮಾರಿ ಹಾಕಿದರು. ಅಣ್ಣಂದಿರು ಆ ಸಿಟ್ಟನ್ನೆಲ್ಲ 'ಪುಕ್ಲು ಪಾದ್ರಿ'ಯ ಮೇಲೆ ಕಾರಿದರು.

ಇನ್‌ಸ್ಪೆಕ್ಟರು ಯಾಕೋಬಪ್ಪನವರನ್ನು ಹತ್ತು ದಿನ ಒಂದು ಒಂಟಿ ಗುಡಿಸಲಿನಲ್ಲಿ ಇರಿಸಿದರು. ನಾನು ದಿನಕ್ಕೆರಡು ಸಲ ಮುದ್ದೆ, ಸಾರು ಒಯ್ದು ಅರ್ಧ ದಾರಿಯಲ್ಲಿದ್ದ ಒಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ.

"ಗೆಡ್ಡೆ ಏನಾದ್ರೂ?" ಎಂದು ಕೂಗುತ್ತಿದ್ದೆ.

"ಇನ್ನೂ ಇಲ್ಲ ಕಣಮ್ಮ," ಎನ್ನುತ್ತಿದ್ದರು. "ನಿದ್ದೆ ಬರಾಕಿಲ್ಲ. ಗಳಿಗೆಗೊಂದ್ ಸಲ ಕಂಕುಳು ಮುಟ್ಟಿ ನೋಡ್ಕೊತೀನಿ."

ಮೂರನೆಯ ದಿನ ಕೇಳಿದೆ, ನನ್ನ ಕೆಟ್ಟ ನಾಲಗೆ ಸುಮ್ಮನಿರಬೇಕಲ್ಲ, "ಅಷ್ಟು ಮಾಡಿ ಏನು ಬಂತು ಉಪದೇಶಿಗಳೇ, ಅವನು ಉಳಿಯಲಿಲ್ವಲ್ಲ?"

"ಹೋಗೋವಾಗ ಅವನ ಬಾಯಿ ಒಣಗಿರ್ನಿಲ್ಲ," ಎಂದರು.

ಆ ಹತ್ತು ದಿನ ನನಗೆ ಎರಡು ದಿಗಿಲು. ಬೆಳಿಗ್ಗೆ ಕಲ್ಲಿನ ಹತ್ತಿರ ಹೋಗಿ ಕೂಗಿದಾಗ ಗುಡಿಸಲಿನಿಂದ ಉತ್ತರ ಬರದಿದ್ದರೆ ಎಂಬುದೊಂದು. ದೂರದ ರಸ್ತೆಯಲ್ಲಿ ಧೂಳೆದ್ದರೆ ಅಯ್ಯನವರ ಜಟಕಾ ಬಂತೇನೋ ಎಂಬುದು ಇನ್ನೊಂದು. ಮೊದಲನೆಯದು ನಿಜವಾಗಲಿಲ್ಲ. ಹನ್ನೆರಡನೆಯ ದಿನ, ಯಾಕೋಬಪ್ಪನವರು ಸ್ನಾನ ಮಾಡಿ ಒಗೆದ ಪಂಚೆ ಉಟ್ಟು ನಮ್ಮ ನಡುವೆ ಬಂದು ಕೂತ ಮರುದಿನವೇ, ಎರಡನೆಯದು ನಿಜವಾಯಿತು.

ಅಯ್ಯನವರು ಕೆಟ್ಟವರಲ್ಲ. ಪರದೇಶದವರಾದರೂ ಕನ್ನಡವನ್ನು ನಮಗಿಂತ ನಿಧಾನವಾಗಿ, ಶುದ್ಧವಾಗಿ ಆಡುತ್ತಿದ್ದರು. ಹುಣಸೆ ಮರದಡಿ ಐದೂ ಮನೆಯವರನ್ನು ಕೂಡಿಸಿದರು. ಅವರ ಕೋಟಿನ ಜೇಬಿನಿಂದ ನೀಲಿ ಕಾಗದದ ಮೂಲೆ ಕಾಣುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು, ನಂಜಯ್ಯನ ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದೆ. ನೀರು, ಗಂಜಿ, ನಾಲ್ಕು ದಿನ, ಹತ್ತು ದಿನ, ಎಲ್ಲ. ಕಾಗದ ಬರೆದವಳು ನಾನು ಎಂಬುದೊಂದನ್ನು ಬಿಟ್ಟು.

"ಬಹಳ ಒಳ್ಳೆಯ ಕೆಲಸ ಯಾಕೋಬಪ್ಪ," ಎಂದರು ಅಯ್ಯನವರು, ಮನಸಾರೆ. ಆಮೇಲೆ ಮೆಲ್ಲಗೆ ಕೇಳಿದರು, "ಆದರೆ ಸಂತೆಯಲ್ಲಿ ನೀವು ಹೇಳಿದ್ದು ನಿಜವೇ? ಒಬ್ಬ ಉಪದೇಶಿ ಹಾಗೆ ಹೇಳಬಹುದೇ? ಈಗ ನಾನು ಕೇಳುತ್ತೇನೆ. ಆ ರೋಗಿಯ ಪಕ್ಕದಲ್ಲಿ ನಾಲ್ಕು ದಿನ ಇದ್ದಿರಿ. ಈಗಲಾದರೂ ದೇವರನ್ನು ಬಲ್ಲೆ ಎನ್ನುತ್ತೀರಾ?"

ಹೌದು ಎಂದರೆ ಸಾಕು. ಅಯ್ಯನವರೇ ಉತ್ತರವನ್ನು ಕೈಗೆ ಕೊಟ್ಟಿದ್ದರು. ಒಂದು ಮಾತು, ಅಷ್ಟೇ.

ಯಾಕೋಬಪ್ಪನವರು ಎದ್ದು ಕೈ ಕಟ್ಟಿ ನಿಂತು, ನಿಜವಾಗಿ ನೆನಪು ಮಾಡಿಕೊಳ್ಳುವವರ ಹಾಗೆ ನೆಲ ನೋಡಿದರು.

"ಇಲ್ಲ ಅಯ್ಯನೋರೇ," ಎಂದರು. "ಈ ಸಲ ಮೊಕ ನೋಡ್ಬೇಕು ಅಂತ್ಲೇ ಹೋಗಿದ್ದೆ. ಆದ್ರೆ ಗಳಿಗೆಗೊಂದ್ ಸಲ ವಾಂತಿ, ಬಟ್ಟೆ ಬದ್ಲಾಯ್ಸೋದು, ನೀರ್ ಕುಡ್ಸೋದು, ಇದ್ರಾಗೆ ನೋಡೋಕೆ ಪುರುಸೊತ್ತೇ ಆಗ್ನಿಲ್ಲ."

ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದರು. ಅಯ್ಯನವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಅವರಿಗೂ ಕಷ್ಟವಾಯಿತೆಂದು ಕಾಣುತ್ತದೆ. ಆದರೂ ಬಲ್ಲೆ ಎನ್ನದವನನ್ನು ಬಲ್ಲವನ ಜಾಗದಲ್ಲಿ ಇರಿಸುವುದು ಹೇಗೆಂದು ಅವರಿಗೆ ತೋಚಲಿಲ್ಲ. ದೂರದ ಒಂದು ಊರಿನಲ್ಲಿ ಕುಷ್ಠರೋಗಿಗಳ ಆಶ್ರಮವಿದೆ, ಅಲ್ಲಿ ಗಾಯ ತೊಳೆಯುವ ಆಳು ಬೇಕಾಗಿದೆ, ಉಪದೇಶ ಮಾಡುವ ಹಾಗಿಲ್ಲ, ಹೋಗುತ್ತೀರಾ ಎಂದರು. ಯಾಕೋಬಪ್ಪನವರು ಗಡಗಡ ನಡುಗುತ್ತಲೇ, "ಹೋಯ್ತೀನಿ" ಎಂದರು. ಆ ಕಾಗದ ಬರೆದವಳು ಅಲ್ಲೇ ಮೂರು ಮಾರು ದೂರದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು!

ಅಪ್ಪನನ್ನು ನೋಡುವ ನೆವ ಹೇಳಿ ಅವರ ಜೊತೆ ನಾನೂ ಅರಸೀಕೆರೆಗೆ ಹೋದೆ. ಬಸ್ಸಿನಲ್ಲಿ ಪೂರ್ತಿ ದಾರಿ ಹೇಳಬೇಕು ಹೇಳಬೇಕು ಎಂದುಕೊಂಡು ಹೇಳಲಾಗಲಿಲ್ಲ. ಸ್ಟೇಷನ್ನಿನಲ್ಲಿ ಅವರು ಒಂದು ಕಂಬಕ್ಕೆ ಒತ್ತಿಕೊಂಡು ನಿಂತರು. ಬಟ್ಟೆಯ ಗಂಟು ಎದೆಗೆ ಅವುಚಿಕೊಂಡಿದ್ದರು. ಸಿಗ್ನಲ್ ಕೈ ಇಳಿಯಿತು. ಇನ್ನು ಹೇಳದಿದ್ದರೆ ಯಾವತ್ತೂ ಹೇಳಲಾರೆ ಎನ್ನಿಸಿ, "ಉಪದೇಶಿಗಳೇ, ಅಯ್ಯನವರಿಗೆ ಕಾಗದ ಬರೆದವಳು ನಾನೇ" ಎಂದುಬಿಟ್ಟೆ. ಅಳು ಬಂತು. ಜನ ನೋಡುತ್ತಿದ್ದರು, ನೋಡಲಿ.

ಅವರು ಗಾಬರಿಯಾದರು, ನನ್ನ ಮಾತಿಗಲ್ಲ, ನನ್ನ ಅಳುವಿಗೆ. "ಅಳಬ್ಯಾಡಿ ಕಣಮ್ಮ, ಅಳಬ್ಯಾಡಿ. ಸುಳ್ಳೇನೂ ಬರೆದಿಲ್ವಲ್ಲ ನೀವು," ಎಂದರು. ರೈಲು ಅಬ್ಬರಿಸುತ್ತಾ ಬಂದು ನಿಂತಿತು. ಕಣ್ಣು ಅಗಲ ಮಾಡಿಕೊಂಡು, ಎರಡು ಸಲ ಹಿಂದೆ ಸರಿದು, ಮೂರನೆಯ ಸಲ ಹೇಗೋ ಹತ್ತಿದರು. ಹತ್ತಿದವರು ಕಿಟಕಿಯಿಂದ ಬಗ್ಗಿ, ಸಂಕೋಚದಿಂದ, ಒಂದು ಉಪಕಾರ ಕೇಳುವವರ ಹಾಗೆ ದನಿ ತಗ್ಗಿಸಿದರು.

"ಟೀಚರಮ್ಮ, ನಿಮಗೆ ಅವನು ಗೊತ್ತಲ್ವಾ. ನನ್ ವಿಸ್ಯ ಒಂದ್ ಮಾತು ಹೇಳಿ ಅವನಿಗೆ. ಅವತ್ತು ಓಡಿಹೋದೋನು ಇವನೇಯ, ಆದ್ರೆ ಕೆಟ್ಟೋನಲ್ಲ, ಹೆದ್ರುಕುಳಿ ಅಷ್ಟೇ ಅಂತ. ನೀವ್ ಹೇಳಿದ್ರೆ ಕೇಳ್ತಾನೆ."

ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಕೊಂಕು ಆಡುವುದು ಆ ಮನುಷ್ಯನಿಗೆ ಬರುತ್ತಲೇ ಇರಲಿಲ್ಲ. ದೇವರನ್ನು ನಾನು ಬಲ್ಲೆ ಎಂದು ಅವರು ಪೂರ್ತಿ ನಂಬಿದ್ದರು. "ಹೇಳ್ತೀನಿ" ಎಂದೆ. ಬೇರೆ ಏನು ಹೇಳಲಿ? ರೈಲು ಹೊರಟಿತು.

ಎರಡು ವರ್ಷದ ಮೇಲೆ ಅವರು ಅಲ್ಲೇ ತೀರಿಕೊಂಡ ಸುದ್ದಿ ಬಂತು. ಕೊಟ್ಟ ಮಾತನ್ನು ನಾನು ಇವತ್ತಿನವರೆಗೂ ನಡೆಸಿಲ್ಲ. ಎಷ್ಟೋ ಸಲ ಮೊಣಕಾಲೂರಿ ಶುರುಮಾಡಿದ್ದೇನೆ. ಯಾಕೋಬಪ್ಪನವರ ಹೆಸರು ನಾಲಗೆಗೆ ಬರುವಷ್ಟರಲ್ಲಿ, ಅವರೇ ಅಲ್ಲಿ ದೇವರ ಹತ್ತಿರ ಕೂತಿದ್ದು, ನನ್ನ ಕಡೆ ಕೈ ತೋರಿಸಿ, ಇವಳು ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೇ ಎಂದು ಹೇಳುತ್ತಿದ್ದಾರೆನಿಸಿ ಬಾಯಿ ಕಟ್ಟಿಹೋಗುತ್ತದೆ.